ತಡೆ ಹಾಕಿದವರ ಹೆಸರು

ಅಮಾವಾಸ್ಯೆಯ ಮರುದಿನ ಕಸ ಹೊಡೆಯುವವರಿಗೆ ಕೆಲಸ ಹೆಚ್ಚು. ಊರಿನ ಜನ ತಮ್ಮ ತಮ್ಮ ಮನೆಯ ಕಂಟಕವನ್ನು ಇಳಿಸಿ, ಮೂರು ದಾರಿ ಕೂಡುವಲ್ಲಿ ತಂದಿಟ್ಟು, ಹಿಂತಿರುಗಿ ನೋಡದೆ ಹೋಗಿರುತ್ತಾರೆ. ಕೊಯ್ದ ನಿಂಬೆಹಣ್ಣು, ಕುಂಕುಮ ಕಲಸಿದ ಅನ್ನ, ಒಡೆದ ಬೂದುಗುಂಬಳ, ಮೊಳೆ ಚುಚ್ಚಿದ ಹಿಟ್ಟಿನ ಗೊಂಬೆ. ಶಾಲೆಗೆ ಹೋಗುವ ಮಕ್ಕಳು ಅದನ್ನು ಸುತ್ತು ಹಾಕಿ ಹೋಗುತ್ತಾರೆ. ಬೈಕಿನವರು ಗಾಡಿ ವಾಲಿಸುತ್ತಾರೆ. ನಾಯಿ ಮೂಸಿ ನೋಡಿ ಬಿಡುತ್ತದೆ. ಆಮೇಲೆ ರಮಾ ಬಂದು ಎತ್ತುತ್ತಾಳೆ.

ಕರೇಗಲ್ಲು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ ಇರುವ ಊರು. ದೊಡ್ಡ ಹಳ್ಳಿಯಾಗಿದ್ದದ್ದು ಈಗ ಪಟ್ಟಣ ಪಂಚಾಯಿತಿ. ರಮಾ ಅಲ್ಲಿ ಪೌರಕಾರ್ಮಿಕೆ. ಹತ್ತು ವರ್ಷ ಗುತ್ತಿಗೆದಾರನ ಕೈಕೆಳಗೆ ದುಡಿದು, ಬಿಸಿಲಲ್ಲಿ ಧರಣಿ ಕೂತು, ಹೋದ ವರ್ಷ ಖಾಯಂ ಆಗಿದ್ದಳು. ಖಾಯಂ ಎಂದರೆ ಪೂರ್ತಿ ಖಾಯಂ ಅಲ್ಲ, ಪ್ರೊಬೇಷನ್. ಆ ಅವಧಿ ಮುಗಿಯುವತನಕ ಮೇಲಿನವರು ಯಾವಾಗ ಬೇಕಾದರೂ ಮನೆಗೆ ಕಳಿಸಬಹುದು. ಇದನ್ನು ಅವಳಿಗೆ ಯಾರೋ ಒಮ್ಮೆ ಹೇಳಿದ್ದರು. ಅಂದಿನಿಂದ ಅವಳು ಸೈಕಲ್ ಬೆಲ್ಲಿಗೂ ಬೆಚ್ಚುತ್ತಿದ್ದಳು. ಮುಖ್ಯಾಧಿಕಾರಿಯ ಜೀಪು ಕಂಡರೆ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

ಆ ಅಮಾವಾಸ್ಯೆಯ ಮರುದಿನ ಅವಳ ಕೈಯಲ್ಲಿ ಗ್ಲೌಸು ಇರಲಿಲ್ಲ. ಕರೋನಾ ಬಂದ ಹೊಸದರಲ್ಲಿ ಕೊಟ್ಟದ್ದು ಬೆರಳಿನ ಕಡೆಯೆಲ್ಲ ಹರಿದು ಹೋಗಿತ್ತು. ಹೊಸದು ಕೇಳಿದರೆ, ಬಜೆಟ್ಟಿಲ್ಲ ಎಂದಿದ್ದರು. ಸಂತೆ ಮೈದಾನದ ಮೂಲೆಯಲ್ಲಿ ಬಿದ್ದಿದ್ದ ಗೊಂಬೆಯನ್ನು ಅವಳು ಬರಿಗೈಯಲ್ಲೇ ಎತ್ತಿದಳು. ಮೊಳೆ ಅಂಗೈಗೆ ಚುಚ್ಚಿತು. ಒಂದು ಹನಿ ರಕ್ತ ಬಂತು. ಸೀರೆಗೆ ಒರೆಸಿಕೊಂಡು ಗೊಂಬೆಯನ್ನು ಬುಟ್ಟಿಗೆ ಹಾಕಿದಳು. ಇಂಥವು ನೂರಾರು ಎತ್ತಿದ್ದಳು. ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಆ ವಾರದ ಕೊನೆಗೆ.

ಬೆಳಗಿನ ಹಾಜರಿ ಪಂಚಾಯಿತಿ ಕಚೇರಿಯ ಹಿಂದೆ, ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನಲ್ಲಿ. ಕರೋನಾ ಬಂದಾಗಿನಿಂದ ಹೆಬ್ಬೆಟ್ಟಿನ ಮಷೀನು ಮೂಲೆ ಸೇರಿತ್ತು. ಹೆಲ್ತ್ ಇನ್ಸ್‌ಪೆಕ್ಟರ್ ಏಕಾಂತಪ್ಪ ಹೆಸರು ಕೂಗುತ್ತಿದ್ದ. ಹೆಸರು ಬಂದವರು "ಅದೀನ್ರಿ", ಅಂದರೆ ಇದ್ದೇನೆ, ಅನ್ನಬೇಕು. ಹಾಗೆ ಅಂದವರಿಗೆ ಆ ದಿನದ ಕೆಲಸ, ಆ ದಿನದ ಕೂಲಿ. ಅನ್ನದವರಿಗೆ ಇಲ್ಲ.

ಅಂದು ಹಾಜರಿ ಮುಗಿದ ಮೇಲೂ ಏಕಾಂತಪ್ಪ ಕುರ್ಚಿಯಿಂದ ಏಳಲಿಲ್ಲ.

"ಒಂದು ವಿಷಯ ಐತಿ ಕೇಳ್ರಿ," ಅಂದ. "ಈ ವರ್ಷ ನಿಮ್ಮ ಇನ್‌ಕ್ರಿಮೆಂಟಿಗೆ ತಡಿ ಬಿದ್ದೈತಿ. ತುಟ್ಟಿಭತ್ಯಾಕೂ ತಡಿ. ಯಾರೂ ನನ್ನ ಹಿಂದ ಬಿದ್ದು ಕೇಳಬ್ಯಾಡ್ರಿ."

"ಎಷ್ಟು ದಿನ ಸಾರ್?" ಎಂದ ಮೈಲಾರೇಶ್. ಅವನು ಗಟಾರದ ಕೆಲಸದವನು.

"ತಡಿ ಎಷ್ಟು ದಿನ ಇರತೈತಿ ಅಂತ ಯಾರರ ಹೇಳ್ಯಾರೇನಲೇ? ಹೋಗು, ಬಸ್‌ಸ್ಟ್ಯಾಂಡ್ ಗಟಾರ ಕಟ್ಟೈತಿ."

ರಮಾ ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಸುಂಕಮ್ಮ ಇದೇ ಊರಿನ ಬೀದಿಗಳನ್ನು ದಿನಗೂಲಿಯ ಮೇಲೆ ಗುಡಿಸುತ್ತ ಮುದುಕಿಯಾದವಳು. ಖಾಯಂ ಎಂಬ ಮಾತು ಅವಳ ಕಾಲಕ್ಕೆ ಬರಲೇ ಇಲ್ಲ. ಸೌದೆಯ ಒಲೆ ಊದುತ್ತಿದ್ದವಳು ಊದುಗೊಳವೆ ಕೆಳಗಿಟ್ಟಳು. ಗ್ಯಾಸಿನ ಸಿಲಿಂಡರು ಖಾಲಿಯಾಗಿ ಮೂಲೆಯಲ್ಲಿ ನಿಂತು ಎರಡು ತಿಂಗಳಾಗಿತ್ತು.

"ತಡಿನಾ? ಯಾರಿಗೆ ಬಿದ್ದೈತಿ?"

"ಎಲ್ಲಾರಿಗೂ ಅಂತ ಅತ್ತಿ."

"ಒಮ್ಮೆಲೆ ಎಲ್ಲಾರಿಗೂ ಬಿದ್ದೈತಿ ಅಂದ್ರ ಇದು ಸಣ್ಣ ತಡಿ ಅಲ್ಲ. ಯಾರು ಹಾಕ್ಯಾರಂತ?"

ಈ ಸೀಮೆಯಲ್ಲಿ ತಡೆ ಎಂದರೆ ಅದೇ. ಹುಡುಗಿಗೆ ಗಂಡು ಗೊತ್ತಾಗದಿದ್ದರೆ ತಡೆ. ಬೋರಿಗೆ ನೀರು ಬೀಳದಿದ್ದರೆ ತಡೆ. ಬರಬೇಕಾದದ್ದು ಬಾರದೆ ದಾರಿಯಲ್ಲಿ ನಿಂತರೆ, ಆಗದವರು ಯಾರೋ ತಡೆ ಹಾಕಿಸಿದ್ದಾರೆ ಎಂದೇ ಲೆಕ್ಕ. ಅದನ್ನು ಕಾಯಿ ಹೊಡೆದು ಒಡೆಸಬೇಕು.

ರಮಾಳ ಗಂಡ ಭೀಮರಾಜ ಕಸದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವನು ಇನ್ನೂ ಗುತ್ತಿಗೆಯಲ್ಲೇ ಇದ್ದ. ಕೈ ತೊಳೆಯುತ್ತ ನಕ್ಕ.

"ಯವ್ವಾ, ಅದು ಆಫೀಸಿನ ತಡಿ. ನಿಂಬಿಹಣ್ಣಿಂದಲ್ಲ."

"ಆಫೀಸಿನೋರು ಮನುಷ್ಯರಲ್ಲೇನಲೇ? ಅವರಿಗೆ ಮಾಟ ಬರಂಗಿಲ್ಲೇನು?" ಸುಂಕಮ್ಮ ಸೊಸೆಯ ಕಡೆ ತಿರುಗಿದಳು. "ಯಾರೋ ಏನೋ ದಾಟ್ಯಾರ. ಇಲ್ಲಾ ಮುಟ್ಯಾರ. ಒಬ್ಬರಿಗೆ ಹತ್ತಿದ್ರ ಸಾಕು, ಜತಿಗೆ ದುಡಿಯೋರಿಗೆಲ್ಲ ಹತ್ತತೈತಿ."

ರಮಾ ಅಂಗೈ ಮುಚ್ಚಿಕೊಂಡಳು.

ಮೊಳೆ ಚುಚ್ಚಿದ ಜಾಗ ಊದಿಕೊಂಡು ಬಿಸಿಯಾಗಿತ್ತು. ಅಲ್ಲಿತನಕ ಅದು ಬರೀ ಗಾಯವಾಗಿತ್ತು. ಈಗ ಅದು ಬೇರೆ ಏನೋ ಆಯಿತು. ಹೌದು, ಎತ್ತಿದ್ದು ತಾನೇ. ಬರಿಗೈಯಲ್ಲಿ. ರಕ್ತ ಬೇರೆ ಕೊಟ್ಟಿದ್ದಳು. ಅದಾದ ಮೇಲೇ ಅಲ್ಲವೇ ಎಲ್ಲರ ಸಂಬಳಕ್ಕೆ ತಡೆ ಬಿದ್ದದ್ದು? ಅವಳು ರೊಟ್ಟಿ ಮುರಿದು ಹಾಗೇ ಇಟ್ಟಳು. ಗಂಡನ ತಟ್ಟೆಗೆ ಬಡಿಸುವಾಗ ಆ ಕೈ ತಾಗದಂತೆ ಎಡಗೈಯಲ್ಲಿ ಬಡಿಸಿದಳು.

"ಏನಾತು ಕೈಗೆ?" ಎಂದಳು ಸುಂಕಮ್ಮ.

ರಮಾ ಸುಳ್ಳು ಹೇಳಬೇಕೆಂದು ಬಾಯಿ ತೆರೆದಳು. ಅಳು ಬಂತು. ಎಲ್ಲ ಹೇಳಿಬಿಟ್ಟಳು.

ಸುಂಕಮ್ಮ ಬೈಯಲಿಲ್ಲ. ಅದಕ್ಕೇ ರಮಾಳಿಗೆ ಹೆಚ್ಚು ಹೆದರಿಕೆಯಾಯಿತು.

ಕೇರಿಯ ನಲ್ಲಿಯ ಮುಂದೆ ಯಾವ ಮಾತೂ ನಿಲ್ಲುವುದಿಲ್ಲ. ಎರಡು ದಿನದಲ್ಲಿ ಶೆಡ್ಡಿನ ಎಲ್ಲರಿಗೂ ಗೊತ್ತಾಯಿತು. ರಮಾ ಹಾಜರಿಗೆ ಬಂದರೆ ಹೆಂಗಸರು ಒಂದು ಮಾರು ಸರಿದು ನಿಂತರು. ಅವಳು ಬಳಸುವ ಕಸಬರಿಗೆಯನ್ನು ಯಾರೂ ಮುಟ್ಟಲಿಲ್ಲ. ಊರವರು ಇವರೆಲ್ಲರಿಂದ ಎಷ್ಟು ದೂರ ನಿಲ್ಲುತ್ತಿದ್ದರೋ ಅಷ್ಟೇ ದೂರ ಇವರು ಅವಳಿಂದ ನಿಂತರು.

ಲಕ್ಷ್ಮಿದೇವಿ ಎಲ್ಲರಿಗಿಂತ ಹಿರಿಯಳು, ಬಾಯಿ ಜೋರು. ಅವಳು ಮಾತ್ರ ನೇರ ಬಂದು ನಿಂತಳು.

"ಲೇ ರಮಾ, ಕಸಬರಿಗಿ ಇರಲಿಲ್ಲೇನು ನಿನ್ನ ಕೈಯಾಗ? ಕೈಲೆ ಎತ್ತಾಕ ಅದೇನು ನಿನ್ನ ಕೂಸೇನು?"

"ಗೊತ್ತಾಗಲಿಲ್ಲ ಯಕ್ಕಾ."

"ಈ ಸಲ ಸಂಬಳ ಏರತೈತಿ ಅಂತ ಮಗಳ ಮದಿವಿ ಮಾತಾಡಿ ಬಂದೀನಿ ನಾನು. ಈಗ ಬೀಗರಿಗೆ ಏನು ಹೇಳಲಿ? ರಮಾ ಗೊಂಬಿ ಆಡಿಸಿದ್ಲು, ಅದಕ್ಕ ಮದಿವಿ ಮುಂದಕ ಹಾಕೀವಿ ಅನ್ಲೇನು?"

ರಮಾ ತಲೆ ಎತ್ತಲಿಲ್ಲ. ನೆಲದ ಮೇಲೆ ಬಿದ್ದ ಡೀಸೆಲ್ ಎಣ್ಣೆಯ ಕಲೆ ನೋಡುತ್ತ ನಿಂತಳು. ಈ ಮಾತು ಮೇಲಿನವರ ಕಿವಿಗೆ ಬಿದ್ದರೆ ತನ್ನ ಕೆಲಸ ಹೋದಂತೆಯೇ ಎಂದು ಅವಳು ಆಗಲೇ ಲೆಕ್ಕ ಹಾಕಿದ್ದಳು.

ಕಿವಿಗೆ ಬಿತ್ತು. ಆದರೆ ಏಕಾಂತಪ್ಪ ಸಿಟ್ಟಾಗಲಿಲ್ಲ. ಹಲ್ಲುಕಡ್ಡಿ ಕಚ್ಚಿಕೊಂಡು ಪೂರ್ತಿ ಕೇಳಿದ. ಅವನ ಮುಖ ಹಗುರಾಯಿತು. ವಾರದಿಂದ ಈ ಮಂದಿ ಸಂಘ, ಜಿಲ್ಲಾಧಿಕಾರಿ, ಮನವಿ ಅಂತ ಗುಸುಗುಸು ಮಾಡುತ್ತಿದ್ದರು. ಅದೀಗ ನಿಂತಿತ್ತು.

"ಇರತೈತವ್ವಾ, ಅಂಥಾದ್ದೂ ಇರತೈತಿ," ಅಂದ. "ನಾವು ಓದಿದೋರು ಇಲ್ಲ ಅಂತೀವಿ. ಹಿರೇರು ಸುಮ್ಮನ ಹೇಳ್ಯಾರೇನು? ಹೋಗಿ ಒಡಿಸ್ಕೊಂಡು ಬರ್ರಿ. ಒಂದಿನ ರಜಾ ನಾನು ಹೊಂದಸ್ತೀನಿ."

ಮಧ್ಯಾಹ್ನ ಅವನೇ ಮುಖ್ಯಾಧಿಕಾರಿಯ ಕೋಣೆಯಿಂದ ಒಂದು ತೆಂಗಿನಕಾಯಿ ತಂದ.

"ಸಾಹೇಬ್ರು ಕೊಟ್ಟಾರ. ನಮ್ಮ ಹೆಸರಿನ್ಯಾಗೂ ಒಂದು ಹೊಡಸ್ರಿ ಅಂದಾರ."

ಕಾಯಿಯನ್ನು ಅವನು ರಮಾಳ ಕೈಗೆ ಕೊಡಲಿಲ್ಲ. ಮೆಟ್ಟಿಲ ಮೇಲಿಟ್ಟು ಸರಿದು ನಿಂತ. ಅವಳು ಎತ್ತಿಕೊಂಡಳು. ಸಾಹೇಬರೇ ಕಾಯಿ ಕೊಟ್ಟ ಮೇಲೆ ತಪ್ಪು ತನ್ನದೇ ಎಂಬುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ.

ತಡೆ ಒಡೆಯುವ ಅಜ್ಜ ಇದ್ದದ್ದು ತೆಲಿಗಿಯ ಆಚೆ, ರಸ್ತೆ ಪಕ್ಕದ ಹುಣಸೆ ಮರದ ಕೆಳಗೆ. ರಮಾ, ಸುಂಕಮ್ಮ, ಲಕ್ಷ್ಮಿದೇವಿ ಮೂವರೂ ಹೋದರು. ಲಕ್ಷ್ಮಿದೇವಿ ಬಂದದ್ದು ರಮಾಳ ಮೇಲಿನ ನಂಬಿಕೆಯಿಂದಲ್ಲ. ಸರಿಯಾಗಿ ಒಡೆಸುತ್ತಾಳೋ ಇಲ್ಲವೋ ನೋಡಬೇಕಿತ್ತು. ಮುಂದೆ ಇಬ್ಬರು ಕಾಯುತ್ತಿದ್ದರು. ಒಬ್ಬನಿಗೆ ಕೋರ್ಟಿನ ಕೇಸು, ಒಬ್ಬಳಿಗೆ ಗಂಡ.

ಅಜ್ಜ ಮುದುಕ. ಬರಿಮೈ, ಹೆಗಲ ಮೇಲೆ ಕೆಂಪು ಟವೆಲು. ರಮಾಳನ್ನು ಕಲ್ಲಿನ ಮೇಲೆ ಕೂರಿಸಿ, ಸಾಹೇಬರ ಕಾಯಿಯನ್ನು ಅವಳ ತಲೆಯ ಸುತ್ತ ಇಳಿಸಿದ. ಅವಳು ಕಣ್ಣು ಮುಚ್ಚಿಕೊಂಡಳು.

"ಏನು ನಿಂತೈತಿ?"

"ಇನ್‌ಕ್ರಿಮೆಂಟ್ ಅಜ್ಜಾ," ಅಂದಳು ಲಕ್ಷ್ಮಿದೇವಿ. "ಮತ್ತ ತುಟ್ಟಿಭತ್ಯಾ."

"ಏನಾರ ಇರಲಿ. ಹಾಕಿದೋರ ಹೆಸರು ಹೇಳ್ರಿ."



"ಗೊತ್ತಿಲ್ಲಜ್ಜಾ," ಎಂದಳು ರಮಾ.

"ಅನುಮಾನ ಯಾರ ಮ್ಯಾಲೈತಿ?"

"ಅದೂ ಇಲ್ಲ. ಮ್ಯಾಲಿಂದ ಬಿದ್ದೈತಿ ಅಂತಾರ."

"ಮ್ಯಾಲಿಂದ ಮಳಿ ಬೀಳತೈತಿ, ತಡಿ ಬೀಳಂಗಿಲ್ಲ," ಎಂದ ಅಜ್ಜ. "ತಡಿ ಅಂದ ಮ್ಯಾಲೆ ಹಾಕಿದೋನು ಒಬ್ಬ ಇರಬೇಕು. ಅವನಿಗೆ ಹೆಸರಿರಬೇಕು. ಹೆಸರು ಹಿಡಿದು ಕಾಯಿ ಹೊಡೀಬೇಕು. ಹೆಸರಿಲ್ಲದ ತಡಿ ಒಡಿಯಾಕ ನನಗ ಬರಂಗಿಲ್ಲವ್ವಾ. ಕೇಳಿಕೊಂಡು ಬರ್ರಿ."

"ಕಾಯಿ?" ಎಂದಳು ಸುಂಕಮ್ಮ.

"ಕಾಯಿ ಇಲ್ಲೇ ಇರಲಿ."

"ಅದೊಂದು ಛಲೋ ಗೊತ್ತೈತಿ ನಿನಗ," ಎಂದು ಸುಂಕಮ್ಮ ಎದ್ದಳು.

ತಿರುಗಿ ಬರುವಾಗ ಹರಪನಹಳ್ಳಿಯಲ್ಲಿ ಹತ್ತಿದ ಬಸ್ಸು ಹಡಗಲಿ ಕಡೆಯಿಂದ ಬಂದದ್ದು. ಮಲ್ಲಿಗೆಯ ಬುಟ್ಟಿಗಳ ವಾಸನೆ ಬಸ್ಸಿನ ತುಂಬ. ಎಲ್ಲರ ಮೂಗಿಗೂ ಮಾಸ್ಕು, ಅದರೊಳಗೂ ವಾಸನೆ. ರಮಾಳ ಪಕ್ಕದಲ್ಲಿ ಕೂತಿದ್ದವಳು ಪುಷ್ಪಲತಾ ಅಂತ, ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಶಾಲೆ ಟೀಚರು. ಬಸ್ಸು ಕುಲುಕಿದಾಗಲೆಲ್ಲ ರಮಾ ಅಂಗೈ ಒತ್ತಿಕೊಳ್ಳುವುದನ್ನು ನೋಡಿದಳು.

"ಏನವ್ವಾ ಕೈಗೆ? ಇಷ್ಟು ಬಾತೈತಲ್ಲ."

ಸುಂಕಮ್ಮ ಹಿಂದಿನ ಸೀಟಿನಿಂದ ಎಲ್ಲ ಹೇಳಿದಳು. ಗೊಂಬೆ, ಮೊಳೆ, ತಡೆ, ಅಜ್ಜ, ಯಾವುದನ್ನೂ ಬಿಡಲಿಲ್ಲ.

ಟೀಚರು ಮೊದಲು ನಕ್ಕಳು. ಆಮೇಲೆ ನಿಲ್ಲಿಸಿದಳು.

"ಮೊದಲು ದವಾಖಾನಿಗೆ ಹೋಗಿ ಸೂಜಿ ಹಾಕಿಸ್ಕೋ. ಮೊಳಿ ಚುಚ್ಚಿದ್ದಕ್ಕ ಕಾಯಿ ಹೊಡಿಸ್ತಾರೇನು? ಮತ್ತ ಆ ತಡಿ, ನನಗೂ ಬಿದ್ದೈತವ್ವಾ. ತುಟ್ಟಿಭತ್ಯಾ ನಮಗೂ ನಿಲ್ಲಿಸ್ಯಾರ."

"ನಿಮಗೂ?" ಎಂದಳು ಲಕ್ಷ್ಮಿದೇವಿ.

"ನಮ್ಮ ಸಾಲ್ಯಾಗ ಎಲ್ಲಾರಿಗೂ. ತಾಲೂಕು ಆಫೀಸಿನೋರಿಗೂ. ಕೂಡ್ಲಿಗ್ಯಾಗ ನಮ್ಮಣ್ಣ ಗುಮಾಸ್ತ ಅದಾನ, ಅವನಿಗೂ."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ನಿಂತ. "ನಿಮ್ಮದು ಏರೋದು ನಿಂತೈತಿ. ನಮಗ ಸಂಬಳಾನ ನೆಟ್ಟಗ ಬಂದಿಲ್ರಿ. ನಿಮ್ಮ ಗೊಂಬಿಗೆ ನಮ್ಮ ಮ್ಯಾಲೆ ಏನು ಸಿಟ್ಟು?"

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಲಕ್ಷ್ಮಿದೇವಿ ನಗಲಿಲ್ಲ. ಅವಳು ಹುಬ್ಬು ಗಂಟು ಹಾಕಿ ಲೆಕ್ಕ ಹಾಕುತ್ತಿದ್ದಳು.

"ರಮಾ, ನೀನು ಎತ್ತಿದ್ದು ಒಂದ ಗೊಂಬಿ ಹೌದಲ್ಲ?"

"ಒಂದ ಯಕ್ಕಾ."

"ಕರೇಗಲ್ಲಾಗ ಎತ್ತಿದ್ದು ಕೂಡ್ಲಿಗಿ ಗುಮಾಸ್ತನಿಗೆ ಹೆಂಗ ಹತ್ತೀತು?"

"ಹತ್ತಿದ್ರ ಭಾರಿ ಗೊಂಬಿ ಬಿಡು," ಎಂದಳು ಸುಂಕಮ್ಮ. "ಬಸ್‌ಚಾರ್ಜು ಇಲ್ಲದ ಊರೂರು ತಿರುಗೈತಿ."

ಆಗ ಲಕ್ಷ್ಮಿದೇವಿಗೂ ನಗು ಬಂತು. ಅವಳು ಕೈ ಚಾಚಿ ರಮಾಳ ಊದಿದ ಕೈಯನ್ನು ಎಳೆದುಕೊಂಡು ನೋಡಿದಳು. ವಾರದ ನಂತರ ಆ ಕೈಯನ್ನು ಮನೆಯವರಲ್ಲದ ಒಬ್ಬರು ಮುಟ್ಟಿದ್ದು ಅದೇ ಮೊದಲು.

ರಮಾಳಿಗೆ ಮಾತ್ರ ಸಮಾಧಾನ ಆಗಲಿಲ್ಲ. ಗೊಂಬೆಯದಾಗಿದ್ದರೆ ಕಾಯಿ ಇತ್ತು, ಅಜ್ಜ ಇದ್ದ. ಇದು ಅದಲ್ಲ ಎಂದರೆ ಇದೇನು? ಇಷ್ಟು ಊರಿನ ಇಷ್ಟು ಮಂದಿಯ ಕೈ ಕಟ್ಟಬಲ್ಲವನು ಎಂಥವನಿರಬೇಕು? ಅವನಿಗೆ ಮುಖ ಎಲ್ಲಿದೆ? ಕಿಟಕಿಯಾಚೆ ಬಯಲು ಓಡುತ್ತಿತ್ತು.

ಊರ ಬಾಯಲ್ಲಿ ಬಸ್ಸು ನಿಧಾನವಾಯಿತು. ಪಂಚಾಯಿತಿಯವರು ಕಟ್ಟಿಸುತ್ತಿದ್ದ ಸ್ವಾಗತ ಕಮಾನಿಗೆ ಗ್ರಾನೈಟ್ ಹಚ್ಚುತ್ತಿದ್ದರು. ಕ್ರೇನು ದಾರಿಗೆ ಅಡ್ಡ ನಿಂತಿತ್ತು.

ಮರುದಿನ ಅವರು ಮುಖ್ಯಾಧಿಕಾರಿಯ ಕೋಣೆಗೆ ಹೋದರು. ಜಗಳಕ್ಕೆ ಹೋಗಲಿಲ್ಲ. ಅಜ್ಜ ಹೆಸರು ಕೇಳಿಕೊಂಡು ಬಾ ಅಂದಿದ್ದ, ಸಾಹೇಬರೇ ಕಾಯಿ ಕೊಟ್ಟಿದ್ದರು. ಕೇಳಿದರೆ ಹೇಳುತ್ತಾರೆ ಅಂದುಕೊಂಡಿದ್ದಳು ರಮಾ. ಲಕ್ಷ್ಮಿದೇವಿ ಹಾಗೆ ಅಂದುಕೊಂಡಿರಲಿಲ್ಲ. ಅವಳು ಶೆಡ್ಡಿನಲ್ಲಿದ್ದವರನ್ನೆಲ್ಲ ಕರೆದುಕೊಂಡು ಬಂದಿದ್ದಳು. ಕೋಣೆಯೊಳಗೆ ರಮಾ, ಲಕ್ಷ್ಮಿದೇವಿ, ಸುಂಕಮ್ಮ ಮೂವರು, ಹೊರಗೆ ವರಾಂಡದಲ್ಲಿ ಉಳಿದವರು.

ಮುಖ್ಯಾಧಿಕಾರಿ ಅರುಣಕುಮಾರ್ ಚಹಾ ಕುಡಿಯುತ್ತಿದ್ದರು. ನಗುತ್ತಲೇ ಕೇಳಿದರು.

"ಏನವ್ವಾ, ಒಡದ್ರೇನು ತಡಿ?"

"ಇಲ್ರೀ ಸಾಹೇಬ್ರೇ," ಎಂದಳು ರಮಾ. ಅವಳ ಕಣ್ಣು ಟೇಬಲಿನ ಕಾಲಿನ ಮೇಲಿತ್ತು. "ಹಾಕಿದೋರ ಹೆಸರು ಬೇಕಂತ್ರಿ. ಹೆಸರಿಲ್ಲದ ಒಡಿಯಾಕ ಬರಂಗಿಲ್ಲಂತ್ರಿ."

ಅರುಣಕುಮಾರ್ ಪಕ್ಕದಲ್ಲಿ ನಿಂತಿದ್ದ ಏಕಾಂತಪ್ಪನ ಕಡೆ ನೋಡಿ ಜೋರಾಗಿ ನಕ್ಕರು. ಏಕಾಂತಪ್ಪನೂ ನಕ್ಕ.

"ಇದು ಮನುಷ್ಯರು ಹಾಕಿದ್ದಲ್ಲವ್ವಾ. ಆರ್ಥಿಕ ಹಿಂಜರಿತ."

"ಯಾವೂರಿನೋರ್ರಿ ಅವರು?" ಎಂದಳು ಲಕ್ಷ್ಮಿದೇವಿ.

ವರಾಂಡದಲ್ಲಿ ಯಾರೋ ಕಿಸಕ್ಕೆಂದರು. ಅವಳು ತಮಾಷೆಗೆ ಕೇಳಿದಳೋ ನಿಜಕ್ಕೂ ಕೇಳಿದಳೋ ತಿಳಿಯಲಿಲ್ಲ. ಮುಖ ಗಟ್ಟಿಯಾಗಿತ್ತು.

"ಹಿಂಜರಿತ ಅಂದ್ರ ಮಂದಿ ಅಲ್ಲ. ದೇಶದಾಗ ವ್ಯಾಪಾರ ಬಿದ್ದೈತಿ, ಟ್ಯಾಕ್ಸ್ ಬರ್ತಿಲ್ಲ, ಖಜಾನ್ಯಾಗ ರೊಕ್ಕ ಇಲ್ಲ. ಎಲ್ಲಾರೂ ಒಂದು ಹೆಜ್ಜಿ ಹಿಂದ ಸರೀಬೇಕು. ಅದಕ್ಕ ಹಿಂಜರಿತ ಅಂತಾರ."

"ನಾವು ಸರದೀವ್ರಿ," ಎಂದಳು ಸುಂಕಮ್ಮ. "ನಿಮ್ಮ ಬಾಗಲದಾಗ ನಿಂತೀವಿ. ಇನ್ನೂ ಹಿಂದ ಸರದ್ರ ಗಟಾರದಾಗ ಬೀಳ್ತೀವ್ರಿ. ಬ್ಯಾರೆ ಯಾರ್‍ಯಾರು ಸರದಾರ್ರಿ?"

ಅರುಣಕುಮಾರ್ ಕಪ್ಪು ಕೆಳಗಿಟ್ಟರು.

"ಇದು ಮೇಲಿಂದ ಬಂದಿದ್ದು."

"ಮ್ಯಾಲೆ ಅಂದ್ರ ಯಾರ್ರಿ?" ಎಂದಳು ರಮಾ. ಅವಳಿಗೆ ಎದುರಾಡುವ ಉದ್ದೇಶ ಇರಲಿಲ್ಲ. ಅಜ್ಜನಿಗೆ ಒಂದು ಹೆಸರು ಒಯ್ಯಬೇಕಿತ್ತು, ಅಷ್ಟೇ. "ಸಂಬಳ ನಿಲ್ಸು ಅಂತ ಯಾರೋ ಒಬ್ಬರು ಬಾಯಿಬಿಟ್ಟು ಅಂದಿರಬೇಕಲ್ರಿ. ಅವರ ಹೆಸರು."

"ಹಂಗ ಒಬ್ಬರ ಹೆಸರು ಇರಲ್ಲ. ತೀರ್ಮಾನ ಅದು."

"ಕಮಾನಿಗೆ ಯಾಕ ತಡಿ ಬೀಳಲಿಲ್ರಿ ಹಂಗಾರ?"

ಅದು ತನ್ನ ಬಾಯಿಂದ ಬಿದ್ದದ್ದೇ ರಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸ್ಸಿನ ಕಿಟಕಿಯಲ್ಲಿ ಕ್ರೇನು ನೋಡಿದಾಗಿನಿಂದ ಅದು ಮನಸ್ಸಿನಲ್ಲಿತ್ತು. ಕೇಳಬೇಕೆಂದಿರಲಿಲ್ಲ. ವರಾಂಡದಲ್ಲಿ ಮಾಸ್ಕಿನೊಳಗೆ ಉಸಿರಾಡುವ ಸದ್ದು ಕೇಳುತ್ತಿತ್ತು.

ಅರುಣಕುಮಾರ್ ಈಗ ನಗುತ್ತಿರಲಿಲ್ಲ.

"ಯಾರು ಹೇಳಿಕೊಟ್ಟು ಕಳಿಸಿದ್ರು ನಿನ್ನ?"

"ಯಾರೂ ಇಲ್ರಿ."

"ಏಕಾಂತಪ್ಪ, ಈಕೆ ಹೆಸರೇನು?"

"ರಮಾ ಅಂತ ಸಾರ್. ಪ್ರೊಬೇಷನ್."

"ಪ್ರೊಬೇಷನ್ನಾ?" ಅವರು ಅದನ್ನು ಬಹಳ ಮೆಲ್ಲಗೆ ಅಂದರು. "ಹೋಗವ್ವಾ. ಹೋಗಿ ಕೆಲಸ ಮಾಡು. ಕೆಲಸ ಇದ್ದಾಗ ಮಾಡಬೇಕು."

ಹೊರಗೆ ಬಂದಾಗ ವರಾಂಡದಲ್ಲಿ ಅರ್ಧ ಮಂದಿ ಇರಲಿಲ್ಲ. ಜಾರಿಕೊಂಡಿದ್ದರು.

ಸಂಜೆ ಭೀಮರಾಜ ಊಟ ಮಾಡಲಿಲ್ಲ. ಹೊಸ್ತಿಲ ಮೇಲೆ ಕೂತು ಬೀಡಿ ಸೇದಿದ.

"ನಿನಗ ಹೇಳಿದವರಾರು ಕಮಾನು ಗಿಮಾನು ಅಂತ?" ಅಂದ. "ನಿನ್ನ ತಗದ್ರ ನಾಳೆ ನನ್ನ ಗಾಡಿಯಿಂದ ಇಳಸ್ತಾರ. ಗುತ್ತಿಗಿಯವನಿಗೆ ಒಂದು ಫೋನು ಸಾಕು. ಆಮ್ಯಾಲೆ ಏನು ತಿಂತಿ, ಹೆಸರು ತಿಂತೇನು?"

"ಬಾಯಿಗೆ ಬಂತು," ಎಂದಳು ರಮಾ.

"ಬೆಳಿಗ್ಗೆ ಹೋಗಿ ಕಾಲಿಗೆ ಬೀಳು."

ಸುಂಕಮ್ಮ ಒಲೆಯ ಮುಂದೆ ಇದ್ದಳು. "ನಾನು ಬಿದ್ದಿದ್ದೆ," ಎಂದಳು. "ಮೂರು ಸಾಹೇಬರ ಕಾಲಿಗೆ. ಖಾಯಂ ಮಾಡ್ರಿ ಅಂತ. ಮೂವರೂ ಕಾಲು ಹಿಂದಕ ಎಳಕೊಂಡ್ರು. ನನ್ನ ಕೈ ತಾಗತೈತಿ ಅಂತ."



ಬೆಳಿಗ್ಗೆ ರಮಾ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಬಂದಳು. ಕಾಲಿಗೆ ಬೀಳುವುದೆಂದೇ ತೀರ್ಮಾನಿಸಿ ಬಂದಿದ್ದಳು. ಆದರೆ ಏಕಾಂತಪ್ಪ ಎಲ್ಲರೂ ಬಂದ ಮೇಲೆ ಬಂದ. ಬಂದವನೇ ಕುರ್ಚಿ ಎಳೆದು ಕೂತು ಹೆಸರು ಕೂಗಲು ಶುರು ಮಾಡಿದ.

ರಮಾಳ ಹೆಸರು ಲಕ್ಷ್ಮಿದೇವಿಯ ಹೆಸರಿಗಿಂತ ಮೊದಲು ಬರುತ್ತಿತ್ತು. ಅವಳು ಬಾಯಲ್ಲಿ "ಅದೀನ್ರಿ" ಇಟ್ಟುಕೊಂಡು ನಿಂತಿದ್ದಳು.

"ಲಕ್ಷ್ಮಿದೇವಿ," ಎಂದ ಏಕಾಂತಪ್ಪ.

ರಮಾಳ ಹೆಸರು ಬಂದಿರಲಿಲ್ಲ. ತಪ್ಪಿ ಬಿಟ್ಟಿರಬಹುದು, ಆಮೇಲೆ ಕೂಗಬಹುದು ಎಂದು ಅವಳು ಅಂದುಕೊಂಡಳು. ಏಕಾಂತಪ್ಪ ತಲೆ ಎತ್ತಲಿಲ್ಲ. ಎಂಜಿನ್ ಚಾಲೂ ಇಟ್ಟು ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಭೀಮರಾಜ ಸ್ಟೇರಿಂಗ್ ಹಿಡಿದುಕೊಂಡು ಕೆಳಗೆ ನೋಡುತ್ತಿದ್ದ.

"ಲಕ್ಷ್ಮಿದೇವಿ," ಎಂದ ಮತ್ತೆ.

ಲಕ್ಷ್ಮಿದೇವಿ ಎದುರಿಗೇ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಏಯ್, ಕಿವಿ ಕೇಳಂಗಿಲ್ಲೇನು?"

"ಒಂದು ಹೆಸರು ಬಿಟ್ರಿ ಸಾರ್," ಎಂದಳು ಅವಳು.

"ಅದು ನಿನಗ ಬ್ಯಾಡ. ನಿಂದು ಕೂಗೀನಿ, ಅದೀನಿ ಅನ್ನು."

ಲಕ್ಷ್ಮಿದೇವಿ ಅನ್ನಲಿಲ್ಲ. ಏಕಾಂತಪ್ಪ ಅವಳನ್ನು ದುರುಗುಟ್ಟಿ ನೋಡಿ ಮುಂದಿನ ಹೆಸರಿಗೆ ಹೋದ.

"ಮೈಲಾರೇಶ್."

ಮೈಲಾರೇಶ್ ನಿನ್ನೆ ವರಾಂಡದಿಂದ ಜಾರಿಕೊಂಡವರಲ್ಲಿ ಒಬ್ಬ. ಅವನು ಬಾಯಿ ತೆರೆದ. ಲಕ್ಷ್ಮಿದೇವಿಯ ಬೆನ್ನು ನೋಡಿದ. ಬಾಯಿ ಮುಚ್ಚಿದ.

ಅನ್ನಪ್ಪಾ, ಅದೀನಿ ಅನ್ನು ಎಂದು ರಮಾ ಒಳಗೇ ಬೇಡಿಕೊಂಡಳು. ತನ್ನಿಂದ ಇವರಿಗೆ ಆಗಬಾರದು. ಗೊಂಬೆಯ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಅವಳಿಗೆ ಕೂಗಬೇಕೆನ್ನಿಸಿತು.

ಏಕಾಂತಪ್ಪ ಇನ್ನೊಂದು ಹೆಸರು ಕೂಗಿದ. ಇನ್ನೊಂದು. ಒಬ್ಬ ಮುದುಕ ಮಾತ್ರ "ಅದೀನ್ರಿ" ಅಂದು, ಅಂದವನೇ ನಾಚಿ ನೆಲ ನೋಡಿದ. ಉಳಿದವರೆಲ್ಲ ಕಣ್ಣೆದುರಿಗೇ ಇದ್ದರು, ಮೈ ಕೈ ಸಮೇತ, ಆದರೆ ಹಾಜರಿಯಲ್ಲಿ ಒಬ್ಬರೂ ಇರಲಿಲ್ಲ. ಹೊರಗೆ ಮೊದಲ ಬಸ್ಸು ಹಾರನ್ ಹೊಡೆಯಿತು. ಹೋಟೆಲಿನವನು ರಾತ್ರಿಯ ಎಲೆಗಳನ್ನು ಬೀದಿಗೆ ತಂದು ಸುರಿ‍ದ ಸದ್ದು ಬಂತು.

"ಏನು, ಸ್ಟ್ರೈಕೇನು ಇದು?" ಏಕಾಂತಪ್ಪನ ದನಿ ಮೊದಲ ಸಲ ಸಣ್ಣಗಾಯಿತು. "ಸಾಹೇಬ್ರಿಗೆ ಫೋನ್ ಮಾಡ್ತೀನಿ ನೋಡ್ರಿ. ಎಲ್ಲಾರ ಹೊಟ್ಟಿಗೂ ಮಣ್ಣು ಬೀಳತೈತಿ."

"ಮಾಡ್ರಿ," ಎಂದಳು ಲಕ್ಷ್ಮಿದೇವಿ. "ಹಂಗ ಕೇಳ್ರಿ, ರಮಾನ ಹೆಸರು ಬಿಡು ಅಂದೋರು ಯಾರು ಅಂತ. ಇದಕ್ಕಾದ್ರೂ ಒಂದು ಹೆಸರಿರಬೇಕಲ್ಲ. ಇದೂ ಹಿಂಜರಿತಾನ ಹೇಳಿ ಹೋತೇನು?"

ಏಕಾಂತಪ್ಪ ಫೋನು ಕೈಗೆ ತೆಗೆದುಕೊಂಡ. ಒತ್ತಲಿಲ್ಲ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

ಟ್ರ್ಯಾಕ್ಟರಿನ ಎಂಜಿನ್ ಬಂದ್ ಆಯಿತು. ಭೀಮರಾಜ ಇಳಿದು ಬಂದು ಹೆಂಡತಿಯ ಪಕ್ಕ ನಿಂತ.